ಕರಿ ದರಿಯಾ ದಂಡೆಯಲ್ಲಿ ಇಬ್ಬರು ಬೀಗತಿಯರು

ರಾಯಚೂರು

ಮಗಳ ಬಾಣಂತನಕ್ಕೆ ತಾಯಿ ಪರದೇಶಕ್ಕೆ ಹೋಗುವುದು ಈಗ ದೊಡ್ಡ ಸುದ್ದಿಯಲ್ಲ. ಆದರೆ ತಾಯಿ, ಅತ್ತೆ ಇಬ್ಬರೂ ಒಟ್ಟಿಗೆ ಹೊರಟರೆ, ಅದೂ ಎರಡು ವರ್ಷದಿಂದ ಮುಖ ಕೊಟ್ಟು ಮಾತಾಡದ ಬೀಗತಿಯರು ಒಂದೇ ವಿಮಾನ ಹತ್ತಿದರೆ, ನಮ್ಮ ಮಾನ್ವಿ ತಾಲ್ಲೂಕಿನ ಮಟ್ಟಿಗೆ ಅದು ಸುದ್ದಿಯೇ. ರಾಯಚೂರಿನ ಬಸ್ ನಿಲ್ದಾಣಕ್ಕೆ ನಮ್ಮನ್ನು ಕಳಿಸಲು ಬಂದ ಮಂದಿಯಲ್ಲಿ ಅರ್ಧದಷ್ಟು ಜನ ನಾವು ಪಕ್ಕಪಕ್ಕದ ಸೀಟಿನಲ್ಲಿ ಕೂಡುತ್ತೇವೋ ಇಲ್ಲವೋ ನೋಡಲು ಬಂದವರು.

ನನ್ನ ಮಗಳು ಗಿರಿಜಾ, ಅಳಿಯ ಮಹಾಂತೇಶ ಇರುವುದು ಕಿರ್ಗಿಸ್ತಾನದ ಒಶ್ ಎಂಬ ಊರಲ್ಲಿ. ಅಳಿಯ ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಿದ್ದವಳನ್ನು ಡಾಕ್ಟರು ವಿಮಾನ ಹತ್ತಬೇಡ ಎಂದು ತಡೆದರು. ಹಾಗಾಗಿ ನಾನೇ ಹೊರಟೆ. ನಾನು ಹೊರಟ ಸುದ್ದಿ ಕೇಳಿ ಹಿರೇಕೊಟ್ನೆಕಲ್ಲಿನ ನನ್ನ ಬೀಗತಿ ನೀಲಮ್ಮನೂ "ನನ್ನ ಮಗನ ಕೂಸು, ನಾನೂ ಹೊಂಟೆ" ಅಂದಳು.

ನಮ್ಮಿಬ್ಬರ ಮುನಿಸಿಗೆ ಕಾರಣ ತುಂಗಭದ್ರೆಯ ಕಾಲುವೆ. ನಮ್ಮ ಮನೆಯವರು ಮಾನ್ವಿಯಲ್ಲಿ ರೈಸ್ ಮಿಲ್ ನೋಡಿಕೊಳ್ಳುತ್ತಾರೆ, ಕಲ್ಲೂರಿನ ಗದ್ದೆ ನೋಡುವವಳು ನಾನು. ಕಾಲುವೆಯ ನೀರು ಮೊದಲು ಅವರ ಕಡೆಗೆ ಮುಟ್ಟುತ್ತದೆ, ಆಮೇಲೆ ಉಳಿದರೆ ನಮಗೆ. ಎರಡು ವರ್ಷದ ಹಿಂದೆ ಭತ್ತ ತೆನೆ ಕಟ್ಟುವ ಹೊತ್ತಿಗೆ ನಮ್ಮ ಕಡೆ ಒಂದು ಹನಿ ಬರಲಿಲ್ಲ. ಮೇಲಿನವರು ಕಾಲುವೆಗೆ ಪೈಪು ಇಳಿಬಿಟ್ಟು ಪಂಪ್‌ಸೆಟ್ ಹಚ್ಚಿದ್ದರು. ನಮ್ಮ ಊರಿನವರೆಲ್ಲ ಟ್ರ್ಯಾಕ್ಟರ್ ಹತ್ತಿ ಜಗಳಕ್ಕೆ ಹೋದೆವು. ಅಲ್ಲಿ ಕಾಲುವೆ ದಂಡೆಯ ಮೇಲೆ ಎದುರು ಗುಂಪಿನಲ್ಲಿ ನಿಂತವಳು ನನ್ನ ಬೀಗತಿ. ಆವತ್ತಿನಿಂದ ಮದುವೆ ಮುಂಜಿಗಳಲ್ಲಿ ಎದುರಾದರೂ "ಆರಾಮೇನ್ರಿ", "ಆರಾಮ ರೀ", ಅಷ್ಟಕ್ಕೇ ಮುಗಿಯುತ್ತಿತ್ತು.

ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸಿದಾಗ ಗೊತ್ತಾಯಿತು: ನಾನು ತಂದದ್ದೆಲ್ಲ ಅವಳೂ ತಂದಿದ್ದಳು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಂಟಿನ ಉಂಡೆ, ಬಾಣಂತಿ ಖಾರ, ವಿಭೂತಿ, ಕೂಸಿಗೆ ಕುಂಚಿಗೆ. ಹೊರಡುವ ಮೊದಲು ಒಂದು ಮಾತಾಡಿದ್ದರೆ ಅರ್ಧ ಭಾರ ಕಡಿಮೆಯಾಗುತ್ತಿತ್ತು. ತಪಾಸಣೆ ಮಾಡುವ ಹುಡುಗಿ ಎರಡೂ ಚೀಲ ನೋಡಿ, "ನೀವಿಬ್ಬರೂ ಅಕ್ಕತಂಗಿಯರಾ?" ಎಂದು ಹಿಂದಿಯಲ್ಲಿ ಕೇಳಿದಳು. ಇಬ್ಬರೂ ಒಂದೇ ದನಿಯಲ್ಲಿ "ನಹೀಂ" ಅಂದೆವು.

ಮೋಡದ ಮೇಲೆ

ಕಿಟಕಿ ಸೀಟು ಅವಳಿಗೆ ಬಂತು. ದೆಹಲಿಯಲ್ಲಿ ವಿಮಾನ ಬದಲಿಸಿದ ಮೇಲೂ ಅವಳು ಕಿಟಕಿಯ ಕಡೆ, ನಾನು ಎದುರಿನ ಸೀಟಿನ ಕಡೆ ಮುಖ ಮಾಡಿ ಕುಳಿತೆವು. ಆಮೇಲೆ ಕೆಳಗೆ ಬೆಟ್ಟಗಳು ಕಂಡವು. ಬೆಳ್ಳಗೆ, ಕೊನೆಯೇ ಇಲ್ಲದಂತೆ.

"ಬೀಗರ, ಅದು ಉಪ್ಪೇನ್ರಿ?" ಅಂದಳು ನೀಲಮ್ಮ. ಎರಡು ವರ್ಷದಲ್ಲಿ ಅವಳಾಗಿಯೇ ಆಡಿದ ಮೊದಲ ಮಾತು.

"ಉಪ್ಪಲ್ಲ ರೀ, ಹಿಮ."

ಅವಳು ಗಾಜಿಗೆ ಹಣೆ ಹಚ್ಚಿ ನೋಡಿದಳು. "ಅಷ್ಟೂ ಕರಗಿದ್ರ ನೀರ ಅಲ್ಲೇನ್ರಿ? ಯಾರ ಪಾಲಿಗಿ ಹೋಗ್ತದ ಅದು?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ವಿಷಯ ನಮ್ಮಿಬ್ಬರ ನಡುವೆ ಬೇಡವೆಂದು ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಕುಳಿತೆ.

ಒಶ್

ರಾಯಚೂರಿನಲ್ಲಿ ಕೋಟೆಯ ಬೆಟ್ಟ ಇದ್ದ ಹಾಗೆ ಒಶ್ ಊರಿನ ನಡುಮಧ್ಯೆ ಒಂದು ಕಲ್ಲುಬೆಟ್ಟ. ಅದನ್ನು ಕಂಡು ನನಗೆ ಅರ್ಧ ಜೀವ ಬಂತು. ಆದರೆ ಬೀದಿಬೀದಿಯ ಅಂಚಿಗೆ ಸಣ್ಣ ಕಾಲುವೆಗಳು ಹರಿಯುತ್ತಿದ್ದವು. ಅವಕ್ಕೆ ಅಲ್ಲಿ 'ಆರಿಕ್' ಅನ್ನುತ್ತಾರೆ. ಬೆಟ್ಟದ ಹಿಮ ಕರಗಿದ ನೀರು ಮನೆ ಮುಂದೆ ಹರಿದು, ಮರದ ಬೇರು ತೋಯಿಸಿ ಮುಂದಕ್ಕೆ ಹೋಗುತ್ತದೆ. ಯಾರೂ ಅದಕ್ಕೆ ಪೈಪು ಇಳಿಸಿರಲಿಲ್ಲ. ಇದನ್ನು ನಾನು ಸ್ವಲ್ಪ ಜೋರಾಗಿಯೇ ಅಂದೆ. ನೀಲಮ್ಮ ಕೇಳಿಸದವಳಂತೆ ಮುಂದೆ ನಡೆದಳು.

ಮಗಳ ಮನೆಯ ಒಡತಿ ಗುಲ್ನಾರಾ, ನಮ್ಮ ವಯಸ್ಸಿನವಳೇ, ಕೆಂಪು ಗಲ್ಲದ ಕಿರ್ಗಿಜ್ ಹೆಂಗಸು. ಕೆಳಗಿನ ಮನೆಯಲ್ಲಿ ಅವಳು, ಮೇಲೆ ನಮ್ಮ ಮಕ್ಕಳು. ನಾವು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಾಗ ಅವಳು ಓಡಿ ಬಂದು ನೀಲಮ್ಮನ ಮುಖ ನೋಡಿ, "ಸೂ? ಸೂ?" ಎಂದು ಕೇಳಿದಳು. ನೀಲಮ್ಮ ನಾಚಿ ಸೆರಗು ಬಾಯಿಗೆ ಹಿಡಿದು, "ಈಗ ಬ್ಯಾಡ್ರಿ, ವಿಮಾನದಾಗ ಹೋಗಿ ಬಂದೀನಿ" ಅಂದಳು. ಗಿರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಭಾಷೆಯಲ್ಲಿ ಸೂ ಅಂದರೆ ನೀರಂತೆ!

ನನ್ನ ಪಾಳಿ ಬಜಾರಿನಲ್ಲಿ ಬಂತು. ಅಲ್ಲಿನ ಮಾತಿನಲ್ಲಿ ನಮ್ಮ ರಾಯಚೂರು ಕಡೆಯ ಮಾತು ಬೇಕಾದಷ್ಟು ಸಿಗುತ್ತವೆ: ಬಜಾರ್, ದೋಸ್ತ್, ಆಸ್ಮಾನ್, ಪ್ಯಾಜ್. ನನಗೆ ಧೈರ್ಯ ಬಂದು ತರಕಾರಿಯವಳ ಮುಂದೆ ಕೈ ಬೀಸಿ "ಸಬ್ಜಿ ಕೊಡು" ಅಂದೆ. ಅವಳು ಒಂದು ಚೀಲ ತುಂಬ ಹಳದಿ ಗಜ್ಜರಿ ಹಾಕಿದಳು. ಬೇಡ, ಬೇರೆ ಸಬ್ಜಿ ಅಂದೆ. ಕೆಂಪು ಗಜ್ಜರಿ ಹಾಕಿದಳು. ಅವರಿಗೆ ಸಬ್ಜಿ ಎಂದರೇ ಗಜ್ಜರಿ. ಆ ವಾರವೆಲ್ಲ ಮನೆಯಲ್ಲಿ ಗಜ್ಜರಿ ಪಲ್ಯ, ಗಜ್ಜರಿ ಪಚಡಿ, ಗಜ್ಜರಿ ಹಾಕಿದ ಬೇಳೆ. ನೀಲಮ್ಮ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೊದಲ ದಿನ ಅವಳು ನೆಲದ ಮೇಲೆ ಮರದ ಕೊಣಮಿಗೆ ಇಟ್ಟು ಧಪಧಪ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಗುಲ್ನಾರಾ ಗಾಬರಿಯಾಗಿ ಮೇಲೆ ಬಂದಳು. ನಾವಿಬ್ಬರೂ ಹೊಡೆದಾಡುತ್ತಿದ್ದೇವೆ ಎಂದು ಅವಳು ತಿಳಿದಿದ್ದಳು. ಅಳಿಯ ರೊಟ್ಟಿ ತೋರಿಸಿ ತಿಳಿಸಿ ಹೇಳಿದ ಮೇಲೆ, ಒಂದು ರೊಟ್ಟಿ ಮುರಿದು ಕೆನೆ ಹಚ್ಚಿ ತಿಂದಳು. ಅವರಲ್ಲಿ ರೊಟ್ಟಿಯನ್ನು ಬೋರಲು ಇಡಬಾರದಂತೆ, ಒಂದು ಚೂರು ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಅನ್ನವನ್ನು ಲಿಂಗಕ್ಕೆ ತೋರಿಸಿ ಉಣ್ಣುವ ನಮಗೆ ಅದು ಬೇರೆ ದೇಶದ್ದು ಅನ್ನಿಸಲಿಲ್ಲ.

ನಾವು ಹೋದ ಮೇಲೆ ಹೆಚ್ಚು ಕಾಯಿಸದೆ ಕೂಸು ಹುಟ್ಟಿತು. ಹೆಣ್ಣು ಕೂಸು. ಮೂಗು ನಮ್ಮದು, ದನಿ ಹಿರೇಕೊಟ್ನೆಕಲ್ಲಿನದು. ಎರಡು ಕೈ ಸಾಲದಷ್ಟು ಕೆಲಸ ಬಂದು, ನಾವು ಬೀಗತಿಯರು ಕೂಸಿನ ಮೂಲಕ ಮಾತಾಡಲು ಕಲಿತೆವು. "ಯವ್ವಾ, ನಿಮ್ಮಜ್ಜಿಗಿ ಹೇಳು, ನೀರು ಕಾದಾವಂತ." "ನಿಮ್ಮ ಇನ್ನೊಬ್ಬ ಅಜ್ಜಿಗಿ ಹೇಳವ್ವ, ನನಗೂ ಕಣ್ಣು ಅದಾವಂತ."

ಉಜ್ಗೆನ್ ದಾರಿ

ಬಾಣಂತಿ ಹೊರಗೆ ಬರಬಾರದು ಎನ್ನುವ ನಲವತ್ತು ದಿನದ ಪದ್ಧತಿ ಅವರಲ್ಲಿಯೂ ಇದೆ. ಅದು ಮುಗಿಯುವ ಮೊದಲು ಕೂಸನ್ನು ಮರದ ತೊಟ್ಟಿಲಲ್ಲಿ ಹಾಕುವ ಕಾರ್ಯ ಮಾಡಬೇಕೆಂದು ಗುಲ್ನಾರಾ ಹಟ ಹಿಡಿದಳು. ತೊಟ್ಟಿಲು ಅವಳದೇ ಉಡುಗೊರೆ. ಉಜ್ಗೆನ್ ಊರಿನ ಹತ್ತಿರದ ಹಳ್ಳಿಯಲ್ಲಿರುವ ಅವಳ ಅಣ್ಣ ಬಕಿತ್ ಮಾಡಿಸಿಟ್ಟಿದ್ದ. ಗಿರಿಜಾಳನ್ನೂ ಕೂಸನ್ನೂ ಗುಲ್ನಾರಾಳ ಸೊಸೆಗೆ ಒಪ್ಪಿಸಿ, ಅಳಿಯನ ಕಾರಿನಲ್ಲಿ ನಾವು ಮೂವರು ಹೆಂಗಸರು ತೊಟ್ಟಿಲು ತರಲು ಹೊರಟೆವು.

ದಾರಿಯಲ್ಲಿ ಒಂದು ನದಿ ಸಿಕ್ಕಿತು. ಹೆಸರು ಕರಾ ದರಿಯಾ. ಕರಾ ಅಂದರೆ ಕಪ್ಪು ಎಂದು ಅಳಿಯ ಹೇಳಿದ. ನಾನು ದೇವದುರ್ಗದಲ್ಲಿ ಹುಟ್ಟಿದವಳು, ಕೃಷ್ಣೆಯ ಕಡೆಯವಳು. ನಮ್ಮ ಕೃಷ್ಣೆಯೂ ಹೆಸರಿಗೆ ಕರಿಯವಳೇ. ಕಾರು ನಿಲ್ಲಿಸಿ ಇಳಿದು ನೀರಿಗೆ ಕೈ ಮುಗಿದೆ. ಈ ಕರಿಯವಳು ಮುಂದೆ ಹೋಗಿ ಇನ್ನೊಂದು ನದಿಯನ್ನು ಕೂಡಿ ದೇಶದಿಂದ ದೇಶಕ್ಕೆ ಹರಿಯುತ್ತಾಳಂತೆ. ಹಿಂದೆ ಎಲ್ಲ ಒಂದೇ ರಾಜ್ಯ ಇದ್ದಾಗ ಕಟ್ಟಿದ ಜಲಾಶಯ ಒಂದಿದೆ, ಈಗ ಗಡಿಯ ಮೇಲೆ ಕುಳಿತಿದೆ. ಅದರ ಸಲುವಾಗಿ ಈ ಕಡೆ ದೊಡ್ಡ ಗದ್ದಲ ನಡೆದಿತ್ತಂತೆ. "ಮೇಲಿನವರು ಚಳಿಗಾಲಕ್ಕೆ ಕರೆಂಟು ಬೇಕು ಅಂತಾರ, ಕೆಳಗಿನವರು ಬ್ಯಾಸಗಿಗೆ ಹತ್ತಿಗೆ ನೀರು ಬೇಕು ಅಂತಾರ, ಅತ್ತಿ. ಈಗ ಕೂತು ಮಾತಾಡಾಕ ಹತ್ಯಾರ" ಅಂದ ಅಳಿಯ. ನಾನು, ನೀಲಮ್ಮ ಮತ್ತೆ ಕಾರು ಹತ್ತಿ ಎರಡು ಕಿಟಕಿಗಳಿಂದ ಹೊರಗೆ ನೋಡಿದೆವು.

ಆ ಮೇಲೆ ಗದ್ದೆಗಳು ಬಂದವು. ಭತ್ತ! ಹಿಮದ ಬೆಟ್ಟದ ಕೆಳಗೆ, ಮೊಣಕಾಲುದ್ದ ನೀರಿನಲ್ಲಿ ಹಸಿರು ನಾಟಿ. ಬಕಿತನ ಮನೆಯಲ್ಲಿ ಅಕ್ಕಿ ತಂದು ತೋರಿಸಿದರು. ಕೆಂಪು ಛಾಯೆಯ ದಪ್ಪ ಅಕ್ಕಿ. ಮಿಲ್ಲಿನ ಮನೆಯವಳಾದ ನಾನು ಒಂದು ಕಾಳು ಹಲ್ಲಿನಲ್ಲಿ ಕಡಿದೆ, ನೀಲಮ್ಮನೂ ಕಡಿದಳು. "ಹಳೀ ಅಕ್ಕಿ" ಅಂದೆ. "ವರ್ಷದ ಮ್ಯಾಲಾಗ್ಯದ" ಅಂದಳು. ಇಬ್ಬರೂ ಒಪ್ಪಿದ್ದು ನೋಡಿ ಅಳಿಯ ಬೆರಗಾದ.

ತೊಟ್ಟಿಲು ಬಣ್ಣಬಣ್ಣದ್ದು, ಚೆಂದದ್ದು. ನಡುವೆ ಒಂದು ತೂತು. ಕೂಸಿಗೆ ಕಟ್ಟುವ ಒಂದು ಸಣ್ಣ ಮರದ ಕೊಳವೆ, ಕೆಳಗೆ ಒಂದು ಕುಡಿಕೆ. ಬಟ್ಟೆ ಒದ್ದೆಯಾಗದ ಹಾಗೆ ಎಲ್ಲವೂ ಕೊಳವೆಯಲ್ಲಿ ಇಳಿದು ಕುಡಿಕೆ ಸೇರುತ್ತದೆ. "ಹುಟ್ಟಿದ ಕೂಸಿಗೂ ಕಾಲುವಿ ತೋಡ್ಯಾರಲ್ರೀ ಈ ಮಂದಿ!" ಎಂದು ನೀಲಮ್ಮ ನಕ್ಕಳು.

ಬೇಲಿ

ಚಹಾ ಕುಡಿಯುತ್ತಿದ್ದಾಗ ಹೊರಗೆ ಗಲಾಟೆ ಕೇಳಿಸಿತು. ಬಕಿತ್ ಬಟ್ಟಲು ಕೆಳಗಿಟ್ಟು ಓಡಿದ. ಅವನ ಹಿಂದೆ ಗುಲ್ನಾರಾ, ಅವಳ ಹಿಂದೆ ನಾವು.

ಅವನ ಗದ್ದೆಯ ಆಚೆ ಅಂಚಿಗೆ ತಂತಿ ಬೇಲಿ. ಬೇಲಿಯ ಆಚೆ ಉಜ್ಬೆಕಿಸ್ತಾನ. ಅಷ್ಟೇ. ನಾನು ದೇಶದ ಗಡಿ ಎಂದರೆ ಇನ್ನೂ ಏನೇನೋ ಇರುತ್ತದೆ ಅಂದುಕೊಂಡಿದ್ದೆ. ಇಲ್ಲಿ ಒಂದು ಆರಿಕ್ ತನ್ನಷ್ಟಕ್ಕೆ ಬೇಲಿಯ ಕೆಳಗೆ ತೂರಿ ಆಚೆ ಹೋಗುತ್ತದೆ. ಆವತ್ತು ಅದರಲ್ಲಿ ನೀರಿರಲಿಲ್ಲ. ಬಕಿತ್ ಹಲಗೆ ಇಟ್ಟು ನೀರನ್ನೆಲ್ಲ ತನ್ನ ಗದ್ದೆಗೆ ತಿರುಗಿಸಿದ್ದ. ಆಚೆ ಕಡೆ ಹತ್ತಾರು ಮಂದಿ, ಮುಂದೆ ನಿಂತು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ಹೂವಿನ ಸ್ಕಾರ್ಫಿನ ಒಬ್ಬ ಹೆಂಗಸು.

"ಆಕಿ ಜಮೀಲಾ. ಬಕಿತನ ತಂಗಿ, ಗುಲ್ನಾರಾಳ ಅಕ್ಕ" ಅಂದ ಅಳಿಯ ಮೆಲ್ಲಗೆ. "ಆ ಊರಿಗಿ ಮದುವಿ ಮಾಡಿ ಕೊಟ್ಟಾರ. ಆಗ ಬೇಲಿ ಇರಲಿಲ್ಲ. ಅವರ ಹೊಲ ಒಣಗಾಕತ್ತಾವಂತ."

ಅಣ್ಣ ಈ ಕಡೆಯಿಂದ ಕೈ ಎತ್ತಿ ಏನೋ ಅಂದ. ತಂಗಿ ಬೇಲಿ ಹಿಡಿದು ಅಲ್ಲಾಡಿಸಿದಳು. ಒಬ್ಬ ಎಳೆಯ ಸಿಪಾಯಿ ಯಾರಿಗೆ ಏನು ಹೇಳಬೇಕೋ ತಿಳಿಯದೆ ಟೋಪಿ ತೆಗೆದು ಹಾಕಿ ಮಾಡುತ್ತಿದ್ದ. ಗುಲ್ನಾರಾ ಎರಡು ಕಡೆಯೂ ನೋಡುತ್ತ ಅಳುವ ಹಾಗಾಗಿದ್ದಳು.

ಆಗ ನೀಲಮ್ಮ ಅಂದಳು, "ಪಾಪ, ಅವ ಏನು ತಪ್ಪು ಮಾಡ್ಯಾನ? ನೀರು ಅವನ ಹೊಲದ ಮುಂದ ಹಾದು ಹೊಂಟದ, ತಗೊಂಡಾನ."

ನನಗೆ ಎಲ್ಲಿಂದ ಬಂತೋ ಸಿಟ್ಟು. "ಹಾದು ಹೊಂಟದ ಅಂದ್ರ ಮುಂದ ಹೋಗಬೇಕಾಗ್ಯದ ಅಂತ ಅರ್ಥ ರೀ! ಅವನ ಹೊಲದಾಗ ಮುಗ್ಯಾಕ ಬಂದಿಲ್ಲ ಅದು!"

"ಈಗ ಯಾರ ಹೊಲದ ಮಾತು ಆಡಾಕತ್ತೀರಿ ಬೀಗರ?"

"ಯಾರದು ಅಂತ ನಿಮಗ ಗೊತ್ತದ! ತೆನಿ ಕಟ್ಟೋ ಹೊತ್ತಿನಾಗ ನೀರು ಕಸಗೊಂಡ್ರಿ. ತೆನಿ ಕೈಯಾಗ ಹಿಡದು ತಿಕ್ಕಿದ್ರ ಬರೇ ಹೊಟ್ಟು, ಒಂದು ಕಾಳಿಲ್ಲ!"

"ನಮ್ಮ ಮ್ಯಾಲ ಮಂದಿ ಇಲ್ಲೇನ್ರಿ? ಅವರು ಉಳಿಸಿದ್ದು ನಮಗ. ನಾವೂ ಯಾರಿಗೋ ಕೆಳಗಿನವರ! ಭತ್ತ ಬ್ಯಾಡ, ನೀರು ಸಾಲಂಗಿಲ್ಲ ಅಂತ ಸರಕಾರದವರು ಹೇಳಿದ್ರೂ ಭತ್ತ ಹಚ್ಚಿದವರು ನಾವಷ್ಟೇ ಏನು, ನೀವು ಹಚ್ಚಿಲ್ಲ?"

"ಹಚ್ಚೀನಿ! ಹಚ್ಚಿದ್ರ ಪೈಪ್ ಹಾಕಂತ ಹೇಳಿದ್ನೇನು?"

"ಹಾಕಿದ್ದು ನಾನಲ್ಲ, ನಮ್ಮೂರವರು!"

"ದಂಡಿ ಮ್ಯಾಲ ಅವರ ಜೋಡಿ ನಿಂತಿದ್ರಲ್ಲ!"

"ನಿಂತಿದ್ದೆ! ಮತ್ತೆಲ್ಲಿ ನಿಲ್ಲಬೇಕಿತ್ತು?" ಅವಳು ನನ್ನ ಕಡೆ ಪೂರ್ತಿ ತಿರುಗಿದಳು. "ನಿಮ್ಮ ಬೆಳಿ ಹೋದದ್ದು ನನಗ ಗೊತ್ತಾಗಿಲ್ಲ ಅಂತ ತಿಳ್ದೀರೇನು? ಗಿರಿಜಾ ಆಗ ನಮ್ಮ ಮನಿಯಾಗ ಇದ್ಲು. ಅಡಗಿಮನಿಯಾಗ ನಿಂತು ಅತ್ತದ್ದು ನೋಡೀನಿ. ಆಕಿ ಮುಂದ ಉಣ್ಣಾಕ ಕೂಡಾಕ ನನಗ ಆಗಲಿಲ್ಲ. ನಿಮ್ಮ ಮನಿಗಿ ಬರಬೇಕಂತ ಎಷ್ಟು ಸಲ ಸೀರಿ ಉಟ್ಟು ಬಿಚ್ಚೀನಿ. ಯಾವ ಮುಖ ಇಟ್ಕೊಂಡು ಬರಲಿ?"

ನಾನು ಸೆರಗಿನಿಂದ ಮುಖ ಒರೆಸಿಕೊಂಡು ಅತ್ತಿತ್ತ ನೋಡಿದೆ.

ಆಗಲೇ ಗಮನಕ್ಕೆ ಬಂದದ್ದು, ಸುತ್ತಲೂ ಎಲ್ಲ ಸುಮ್ಮನಾಗಿದೆ. ಬೇಲಿಯ ಈ ಕಡೆ, ಆ ಕಡೆ ಎಲ್ಲರೂ ತಮ್ಮ ಜಗಳ ಬಿಟ್ಟು ನಮ್ಮನ್ನು ನೋಡುತ್ತಿದ್ದಾರೆ. ಬಕಿತ್ ಎತ್ತಿದ ಕೈ ಇಳಿಸಿಲ್ಲ. ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡ ಇಬ್ಬರು ಹೆಂಗಸರು ಎರಡು ದೇಶದ ಅಂಚಿನಲ್ಲಿ ನಿಂತು ಮಾನ್ವಿಯ ಭಾಷೆಯಲ್ಲಿ ಬೈದಾಡುತ್ತಿದ್ದೆವು.

ಆಚೆ ಕಡೆಯ ಕರಿ ಟೊಪ್ಪಿಗೆಯ ಒಬ್ಬ ಮುದುಕ ಅಳಿಯನನ್ನು ಏನೋ ಕೇಳಿದ. ಅಳಿಯ ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿ, ಇದ್ದದ್ದನ್ನು ಇದ್ದ ಹಾಗೆಯೇ ಹೇಳಿಬಿಟ್ಟ: ಇವರಿಬ್ಬರೂ ಬೀಗತಿಯರು, ಒಂದೇ ಕಾಲುವೆ, ಇವರು ಮೇಲೆ, ಅವರು ಕೆಳಗೆ. ಮುದುಕ ಎರಡು ಕಡೆಯವರಿಗೂ ಕೇಳುವಂತೆ ಅದನ್ನು ಸಾರಿದ. ಆಮೇಲೆ ಜಮೀಲಾ ನಕ್ಕಳು. ಬೇಲಿ ಹಿಡಿದುಕೊಂಡೇ ಬಗ್ಗಿ ನಕ್ಕಳು. ಅವಳನ್ನು ನೋಡಿ ಅವಳ ಅಣ್ಣ, ಅವನನ್ನು ನೋಡಿ ಸಿಪಾಯಿ, ಕೊನೆಗೆ ಎಲ್ಲರೂ.

"ಏನಂದ್ಲಪ್ಪಾ ಆಕಿ?" ಅಂದೆ.

"ನಮ್ಮ ಜಗಳ ಆಮ್ಯಾಲ ಮುಗಸ್ತೀವಿ, ಮೊದಲು ಆ ಇಬ್ರನ್ನ ಕೂಡಿಸಿ ಚಹಾ ಕೊಡ್ರಿ ಅಂದ್ಲು, ಅತ್ತಿ." ಅವನು ನಗುತ್ತಿರಲಿಲ್ಲ. "ಅವ್ವಾ, ಅತ್ತೀ, ಒಂದು ಮಾತು ಹೇಳ್ಲೇನು? ಗಿರಿಜಾ ಬಸರಾಗ್ಯಾಳ ಅಂತ ಮೊದಲು ಯಾರಿಗಿ ಫೋನ್ ಮಾಡ್ಬೇಕು ಅಂತ ನಾವಿಬ್ರೂ ಅರ್ಧ ದಿನ ಕೂತು ಯೋಚನಿ ಮಾಡಿದ್ವಿ. ಇಂಥಾ ಸಂತೋಷದ ಸುದ್ದಿ ಹೇಳಾಕ ಹೆದರೋದಂದ್ರ ಹೆಂಗ್ರಿ?"

ನಾವಿಬ್ಬರೂ ಬದುವಿನ ಮೇಲೆ ಕುಳಿತೆವು. ಯಾರೂ ಕೂಡಿಸಬೇಕಾಗಲಿಲ್ಲ.

ಬೇಲಿಯ ಎರಡೂ ಬದಿಗೆ ಜಮಖಾನ ಹಾಸಿದರು. ಈ ಕಡೆಯಿಂದ ಚಹಾ ಆ ಕಡೆಗೆ ಹೋಯಿತು. ಆ ಕಡೆಯಿಂದ ಜರ್ದಾಳು ಹಣ್ಣು ತಂತಿಯ ಸಂದಿಯಲ್ಲಿ ಈ ಕಡೆಗೆ ಬಂದವು. ಮಾತು ಬಹಳ ಹೊತ್ತು ನಡೆಯಿತು. ನಡುವೆ ಎರಡು ಸಲ ಮತ್ತೆ ದನಿ ಏರಿತು, ಎರಡು ಸಲವೂ ಮುದುಕ ನಮ್ಮ ಕಡೆ ಬೆರಳು ತೋರಿಸಿದ, ದನಿ ಇಳಿಯಿತು. ಕೊನೆಗೆ ಹಗಲು ಬಕಿತನ ಊರಿಗೆ, ಹೊತ್ತು ಮುಳುಗಿದಾಗಿನಿಂದ ಬೆಳಗಿನ ತನಕ ಜಮೀಲಾಳ ಊರಿಗೆ ಎಂದಾಯಿತು. ಅವತ್ತಿನ ಮಟ್ಟಿಗೆ ಬಕಿತ್ ಹೊತ್ತು ಮುಳುಗುವ ತನಕ ಕಾಯಲಿಲ್ಲ. ಹಲಗೆ ಎತ್ತಿದ. ನೀರು ಕಸಕಡ್ಡಿ ತಳ್ಳಿಕೊಂಡು ಬೇಲಿಯ ಕೆಳಗೆ ನುಗ್ಗಿ ಆಚೆ ದೇಶಕ್ಕೆ ಹೋಯಿತು.

ಆಮೇಲೆ ಸಿಪಾಯಿಗೆ ತನ್ನ ಕೆಲಸ ನೆನಪಾಗಿ ನಮ್ಮ ಪಾಸ್‌ಪೋರ್ಟ್ ಕೇಳಿದ. ಅವು ಒಶ್‌ನ ಕಪಾಟಿನಲ್ಲಿದ್ದವು. ಗಡಿಯ ಅಂಚಿಗೆ ಕಾಗದಪತ್ರ ಇಲ್ಲದೆ ಬಂದದ್ದು ದೊಡ್ಡ ತಪ್ಪಂತೆ. ಅಳಿಯನ ಮುಖ ಬಿಳಿಚಿತು. ಸಿಪಾಯಿ ನಮ್ಮಿಬ್ಬರನ್ನು ಬಹಳ ಹೊತ್ತು ನೋಡಿ, "ಇವರನ್ನು ಠಾಣೆಗೆ ಕರೆದೊಯ್ದರೆ ದಾರಿಯುದ್ದಕ್ಕೂ ಇವರ ಜಗಳ ನಾನು ಕೇಳಬೇಕು" ಎಂದು ಬಿಟ್ಟು ಕಳಿಸಿದ.

ಮತ್ತೆ ಒಶ್

ತೊಟ್ಟಿಲ ಕಾರ್ಯಕ್ಕೆ ಜಮೀಲಾ ದೊಡ್ಡ ಗಡಿ ದಾಟುವಲ್ಲಿ ಸಾಲಿನಲ್ಲಿ ನಿಂತು, ಸುತ್ತು ಹಾಕಿಕೊಂಡು ಬಂದಳು. ಕೂಸಿನ ಮೇಲೆ ಮಿಠಾಯಿ ಎರಚಿ, ಅವರ ಪದ್ಧತಿಯ ಹಾಡು ಹೇಳಿದರು. ನಾವು ಕೂಸಿನ ಹಣೆಗೆ ವಿಭೂತಿ ಹಚ್ಚಿ, ಕಿವಿಯಲ್ಲಿ ಹೆಸರು ಹೇಳಿದೆವು. ಗಂಗಾ. ಹೆಸರು ಯಾರು ಇಟ್ಟರು ಎಂದು ಕೇಳಿದರೆ ನೀಲಮ್ಮ ನಾನು ಅನ್ನುತ್ತಾಳೆ, ನಾನು ನಾನು ಅನ್ನುತ್ತೇನೆ. ಈ ಜಗಳ ಮುಗಿಯುವಂಥದ್ದಲ್ಲ.

ಮಾಂಸವಿಲ್ಲದ ಪಲಾವು ಮಾಡಲು ಗುಲ್ನಾರಾಳಿಗೆ ಕಲಿಸಿದ್ದು ನೀಲಮ್ಮ. ಅದರಲ್ಲಿ ಗಜ್ಜರಿಯೇ ಬಹಳ ಇತ್ತು. ನಾನು ಸುಮ್ಮನೆ ಉಂಡೆ.

ಕಲ್ಲೂರು

ಊರಿಗೆ ಬಂದ ಮೇಲೆ ಮಳೆ ಶುರುವಾಗಿ, ಡ್ಯಾಮು ತುಂಬಿ, ಕಾಲುವೆಗೆ ನೀರು ಬಿಟ್ಟರು. ಒಂದು ಮುಂಜಾನೆ ನೀಲಮ್ಮನ ಫೋನ್ ಬಂತು.

"ಯಕ್ಕಾ, ನೀರು ಮುಟ್ಟಿತೇನ್ರಿ?"

"ಇನ್ನೂ ಇಲ್ಲವ್ವ."

"ನಮ್ಮ ಕಡಿ ಬಂದು ವಾರ ಆತಲ್ರೀ!" ಅತ್ತ ಅವಳು ಮನೆಯವರನ್ನು ಕೂಗಿದ್ದು ಕೇಳಿಸಿತು. "ತಡೀರಿ, ಬರ್ತೀನಿ."

ಮಧ್ಯಾಹ್ನ ದಾಟಿ ಬಂದಳು. ಡಾಂಬರ್ ರಸ್ತೆ ಬಿಟ್ಟು, ಕಾಲುವೆಯ ದಂಡೆಗುಂಟ ಟ್ರ್ಯಾಕ್ಟರಿನಲ್ಲಿ. ಅವಳ ಮನೆಯವರು ಓಡಿಸುತ್ತಿದ್ದರು, ಅವಳು ಮಡ್‌ಗಾರ್ಡಿನ ಮೇಲೆ ಕುಳಿತು ಬಗ್ಗಿ ಬಗ್ಗಿ ಕಾಲುವೆ ನೋಡುತ್ತಿದ್ದಳು. ಬೀಗತನ ಬೆಳೆಸಿ ಇಷ್ಟು ವರ್ಷವಾದರೂ ಅವಳು ನಮ್ಮ ಕಡೆಯ ಕಾಲುವೆಯನ್ನು ಕಣ್ಣಾರೆ ನೋಡಿರಲಿಲ್ಲ. ಇಳಿದು ನನ್ನ ಜೊತೆ ಗದ್ದೆಯ ತನಕ ನಡೆದಳು. ತಳದಲ್ಲಿ ಬಿರುಕು, ಜಾಲಿಯ ಮುಳ್ಳು. ಫೋನ್ ತೆಗೆದು ತನ್ನ ಊರಿನ ಯಾರಿಗೋ ಹಚ್ಚಿದಳು.

"ಪೈಪ್ ತಗೀರಿ. ಹೂಂ, ನಮ್ಮದೂ ತಗೀರಿ, ಮೊದಲು ನಮ್ಮದ ತಗೀರಿ. ನಾನು ಇಲ್ಲೇ ನಿಂತು ನೋಡಾಕತ್ತೀನಿ. ನಮ್ಮಲ್ಲಿ ಎದಿ ಮಟ ನೀರು, ಇಲ್ಲಿ ಹುಲ್ಲು ತೊಯ್ಯಂಗಿಲ್ಲ."

ಅತ್ತ ಕಡೆಯವರು ಏನೋ ವಾದ ಹಾಕಿದರು. "ಹಂಗಾರ ನೀವ ಬಂದು ನೋಡ್ರಿ. ಅಲ್ಲಿತನಕ ನಾನು ಇಲ್ಲಿಂದ ಕದಲಂಗಿಲ್ಲ" ಎಂದು ಫೋನ್ ಇಟ್ಟಳು.

ಅಂದದ್ದನ್ನು ಮಾಡಿದಳು. ಅವಳ ಮನೆಯವರು ಒಬ್ಬರೇ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದರು. ಎರಡು ದಿನ ನಮ್ಮ ಮನೆಯಲ್ಲಿದ್ದಳು, ಉಂಡಳು, ನನ್ನ ಸಾರಿಗೆ ಉಪ್ಪು ಹೆಚ್ಚೆಂದಳು. ಫೋನಿನಲ್ಲಿ ಗಂಗಾಳ ನಗು ನೋಡಿ ಇಬ್ಬರೂ ಮೂಗಿನ ಸಲುವಾಗಿ ವಾದ ಮಾಡಿದೆವು. ಹಿರೇಕೊಟ್ನೆಕಲ್ಲಿನ ಎಲ್ಲ ಪೈಪು ಮೇಲೆ ಬಂದವು ಎಂದು ನಾನು ಬರೆಯಲಾರೆ. ಕೆಲವು ಬಂದವು.

ಮೂರನೆಯ ದಿನ ಬೆಳಿಗ್ಗೆ ನಾವಿಬ್ಬರೂ ದಂಡೆಯ ಮೇಲೆ ನಿಂತಿದ್ದಾಗ ಕಾಲುವೆಯ ತಿರುವಿನಲ್ಲಿ ಏನೋ ಮಿನುಗಿತು. ನೀರು. ಹೆಚ್ಚೇನಿಲ್ಲ, ಗೇಣುದ್ದ, ನೊರೆ ಹೊತ್ತುಕೊಂಡು, ಒಣ ಎಲೆ ತಳ್ಳಿಕೊಂಡು ಬಂತು. ನೀಲಮ್ಮ ನನಗಿಂತ ಮೊದಲು ಸೀರೆ ಎತ್ತಿ ಹಿಡಿದು ಇಳಿದಳು.

"ಬರ್ರಿ ಯಕ್ಕಾ," ಎಂದು ಕೈ ಚಾಚಿದಳು, "ತಣ್ಣಗದ."